ಪ್ರಸಂಗದಲ್ಲಿ ನಿತ್ಯಜೀವನದ ದೃಷ್ಟಾಂತ: ಬಾಗಲಗುಂಟೆಯಿಂದ ಒಂದು ವಿಮರ್ಶೆ

ನಮ್ಮ ನಗರದ ಸಭೆಗಳಲ್ಲಿ ಒಂದು ಬಗೆಯ ಪ್ರಸಂಗ ಈಚೆಗೆ ಹೆಚ್ಚಾಗಿ ಕೇಳಿಬರುತ್ತಿದೆ. ಬೋಧಕರು ಕುಟುಂಬದೊಡನೆ ಲಾಲ್‌ಬಾಗಿಗೆ ಹೋಗಿರುತ್ತಾರೆ, ಇಲ್ಲವೆ ನಾಗಸಂದ್ರದಲ್ಲಿ ಮೆಟ್ರೋ ಹತ್ತಿರುತ್ತಾರೆ. ಅಲ್ಲಿ ಕಂಡದ್ದು ಭಾನುವಾರದ ಆರಾಧನೆಯಲ್ಲಿ ವಿಶ್ವಾಸದ ಪಾಠವಾಗಿ ಮರಳಿ ಬರುತ್ತದೆ. ಮುಚ್ಚಿಕೊಂಡ ಮೆಟ್ರೋ ಬಾಗಿಲು ಕೃಪೆಯ ಕಾಲ ಮುಗಿಯುವುದನ್ನು ಸೂಚಿಸುತ್ತದೆ. ಗಾಜಿನ ಮನೆಯ ಹೂವು ಪುನರುತ್ಥಾನವನ್ನು. ಸಭಿಕರು ತಲೆದೂಗುತ್ತಾರೆ. ಈ ಪದ್ಧತಿಯನ್ನು ಹಗುರವಾಗಿ ಕಾಣುವಂತಿಲ್ಲ. ಹೊಲ, ಬಲೆ, ಹುಳಿಹಿಟ್ಟು, ಕಳೆದುಹೋದ ನಾಣ್ಯ ಇವುಗಳ ಮೂಲಕವೇ ಕರ್ತನು ದೇವರ ರಾಜ್ಯವನ್ನು ಸಾರಿದನು. ಆದುದರಿಂದ ನನ್ನ ಆಕ್ಷೇಪ ನಿತ್ಯಜೀವನದಿಂದ ದೃಷ್ಟಾಂತ ತೆಗೆಯುವುದರ ಬಗ್ಗೆ ಅಲ್ಲ, ವಸ್ತುವನ್ನು ನೋಡುವ ಮೊದಲೇ ಪಾಠ ಸಿದ್ಧವಾಗಿರುವುದರ ಬಗ್ಗೆ.

ಈ ತಪ್ಪಿಗೆ ಮೊದಲ ಹೊಣೆಗಾರ ನಾನೇ. ಬಾಗಲಗುಂಟೆಯ ಸಭೆಯೊಂದರಲ್ಲಿ ಸೇವೆಯಲ್ಲಿದ್ದಾಗ, ಸಂಡೇ ಸ್ಕೂಲ್ ಮಕ್ಕಳನ್ನು ಜಾಲಹಳ್ಳಿಯ ಎಚ್.ಎಂ.ಟಿ. ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆ. ಮುಂದಿನ ಭಾನುವಾರ 139ನೆಯ ಕೀರ್ತನೆಯನ್ನು ಓದಿ, ಗಡಿಯಾರವನ್ನು ಅದರ ತಯಾರಕನೇ ಬಲ್ಲನು, ಕೆಟ್ಟರೆ ಅವನ ಬಳಿಗೇ ಒಯ್ಯಬೇಕು ಎಂದು ಬೋಧಿಸಿದೆ. ಪ್ರಸಂಗ ಚೆನ್ನಾಗಿಯೇ ಆಯಿತೆಂದುಕೊಂಡೆ. ಆರಾಧನೆ ಮುಗಿದ ಮೇಲೆ, ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ತಮ್ಮ ಮಣಿಕಟ್ಟಿನ 'ಜನತಾ' ಗಡಿಯಾರವನ್ನು ತೋರಿಸಿದರು. "ಅಯ್ಯನವರೇ, ಇದನ್ನು ಒಬ್ಬರು ಮಾಡಿದ್ದಲ್ಲ. ಎಷ್ಟೋ ಕೈ ದಾಟಿ ಬಂದದ್ದು. ನಮ್ಮ ಜೊತೆ ಹೆಣ್ಣುಮಕ್ಕಳೂ ಬಹಳ ಜನ ಇದ್ದರು. ಈಗ ಆ ಕಾರ್ಖಾನೆ ಇಲ್ಲ. ಇದು ನಿಂತರೆ ಎಂಟನೇ ಮೈಲಿ ಹತ್ತಿರ ಒಂದು ಪುಟ್ಟ ಅಂಗಡಿಯಲ್ಲಿ ಸರಿ ಮಾಡಿಕೊಡುತ್ತಾರೆ" ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ; ಇದ್ದ ಸಂಗತಿಯನ್ನು ಹೇಳಿದರು ಅಷ್ಟೇ. ನನ್ನ ಪ್ರಸಂಗ ಮಾತ್ರ ಅಲ್ಲಿಯೇ ಕುಸಿಯಿತು.

ಆ ಸಂಗತಿಗಳು ನನಗೆ ತಿಳಿಯದವೇನಲ್ಲ. 1953ರಲ್ಲಿ ಸ್ಥಾಪನೆಯಾದ ಎಚ್.ಎಂ.ಟಿ., 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು, ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಸಭೆಯ ಹಲವು ಮನೆಗಳ ಅನ್ನದ ಕಥೆ ಈ ಎರಡು ವರ್ಷಗಳ ನಡುವೆ ಇದೆ. ನಾನು ನೋಡಿದ್ದು ಆ ಗಡಿಯಾರವನ್ನಲ್ಲ. 1802ರಲ್ಲಿ ವಿಲಿಯಂ ಪೇಲಿ ತನ್ನ 'ನ್ಯಾಚುರಲ್ ಥಿಯಾಲಜಿ'ಯಲ್ಲಿ ಬಯಲಿನಲ್ಲಿ ಬಿದ್ದಿದೆಯೆಂದು ಕಲ್ಪಿಸಿಕೊಂಡ ಗಡಿಯಾರವನ್ನು. ಅದನ್ನು ಬೋಧಿಸಲು ಮಕ್ಕಳನ್ನು ಜಾಲಹಳ್ಳಿಯವರೆಗೆ ನಡೆಸಬೇಕಾಗಿರಲಿಲ್ಲ.

ಸುವಾರ್ತೆಗಳ ಸಾಮ್ಯಗಳು ಹೀಗೆ ಕೆಲಸ ಮಾಡುವುದಿಲ್ಲ. ಸಿ. ಎಚ್. ಡಾಡ್ 1935ರ ತನ್ನ ಗ್ರಂಥದಲ್ಲಿ ಸಾಮ್ಯವನ್ನು ವಿವರಿಸುವಾಗ, ಅದು ನಿಸರ್ಗದಿಂದ ಇಲ್ಲವೆ ದಿನದ ಬದುಕಿನಿಂದ ಬಂದದ್ದು ಎನ್ನುವಲ್ಲಿಗೆ ನಿಲ್ಲುವುದಿಲ್ಲ. ಅದರಲ್ಲಿ ಕೇಳುವವನನ್ನು ತಡೆದು ನಿಲ್ಲಿಸುವ ಒಂದು ವಿಚಿತ್ರವಿದೆ, ಅನ್ವಯ ಯಾವುದೆಂಬ ಸಂಶಯವನ್ನು ಉಳಿಸಿ ಮನಸ್ಸನ್ನು ಕೆಣಕುತ್ತದೆ ಎನ್ನುತ್ತಾನೆ. ನಾವು ಈ ವಿವರಣೆಯ ಮೊದಲರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಕೈಬಿಟ್ಟಿದ್ದೇವೆ. ಮತ್ತಾಯ 20ರ ದ್ರಾಕ್ಷೇತೋಟದ ಕೂಲಿಯಾಳುಗಳನ್ನೇ ನೋಡಿರಿ. ನಗರದ ಎಷ್ಟೋ ವೃತ್ತಗಳಲ್ಲಿ ಗಾರೆ ಕೆಲಸದವರು ಬೆಳಿಗ್ಗೆ ಕರಣೆ, ಊಟದ ಡಬ್ಬಿ ಹಿಡಿದು ಮೇಸ್ತ್ರಿಗಾಗಿ ಕಾಯುತ್ತಾರೆ. ಹತ್ತು ಗಂಟೆಯಾದರೂ ಅಲ್ಲಿಯೇ ನಿಂತವರು ಬಹುಮಟ್ಟಿಗೆ ವಯಸ್ಸಾದವರು. ಅವರನ್ನು ಕಂಡು ಬಂದವನಿಗೆ ಏಳನೆಯ ವಚನ, ಎಂದರೆ ತಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲವೆಂಬ ಉತ್ತರ, ಹದಿನೈದನೆಯ ವಚನದಷ್ಟೇ ದೊಡ್ಡದಾಗಿ ಕಾಣುತ್ತದೆ. ಕೃಪೆಯ ಸಿದ್ಧಾಂತವನ್ನು ತಲುಪುವ ಅವಸರದಲ್ಲಿ ನಾವು ಅದನ್ನು ದಾಟಿಹೋಗುತ್ತೇವೆ. (ಹಳೆಯ ಭಾಷಾಂತರದ 'ಪಾವಲಿ' ಎಷ್ಟೆಂದು ವಿವರಿಸಲು ಮಾತ್ರ ಸಮಯ ಸಿಗುತ್ತದೆ.)

ನಗರದಲ್ಲಿ ಸುತ್ತಾಡುವುದರ ಬಗೆಗೂ ಮಾರ್ಕನಲ್ಲಿ ಒಂದು ಪ್ರಸಂಗವಿದೆ. 12ನೆಯ ಅಧ್ಯಾಯದ ಕೊನೆಯಲ್ಲಿ ಯೇಸು ಬೊಕ್ಕಸದ ಎದುರಿಗೆ ಕುಳಿತು ಬಡ ವಿಧವೆ ಎರಡು ಕಾಸು ಹಾಕುವುದನ್ನು ನೋಡುತ್ತಾನೆ; 13ನೆಯದರ ಆರಂಭದಲ್ಲಿ ಶಿಷ್ಯರಲ್ಲೊಬ್ಬನು ಪ್ರವಾಸಕ್ಕೆ ಬಂದವನಂತೆ ದೇವಾಲಯದ ಕಲ್ಲುಗಳಿಗೆ ಬೆರಗಾಗುತ್ತಾನೆ. ನಾವು ಆ ಎರಡು ಕಾಸನ್ನು ಕಾಣಿಕೆಯ ಹೊತ್ತಿಗೆ ಬಳಸುವುದೇ ವಾಡಿಕೆ. ಆದರೆ ಅದಕ್ಕೆ ತುಸು ಮೊದಲು ಕರ್ತನು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳನ್ನು ಖಂಡಿಸಿದ್ದಾನೆ. ಅವನ ಮಾತು ಹೊಗಳಿಕೆಯೋ ಪ್ರಲಾಪವೋ ಎಂದು ಆಡಿಸನ್ ರೈಟ್ 1982ರಲ್ಲಿ ಎತ್ತಿದ ಪ್ರಶ್ನೆ ಇದೇ. ನನಗೆ ಅದು ಪ್ರಲಾಪವೆಂದೇ ತೋರುತ್ತದೆ. ಲೂಕ 13ರಲ್ಲಿ ಸಿಲೊವಾಮಿನ ಗೋಪುರ ಬಿದ್ದು 18 ಮಂದಿ ಸತ್ತ ಸಂಗತಿಯಲ್ಲೂ, ಸತ್ತವರ ಪಾಪವನ್ನು ಅಳೆಯುವ ಸಿದ್ಧ ಪಾಠವನ್ನು ಕರ್ತನು ತಳ್ಳಿಹಾಕಿ, ಪ್ರಶ್ನೆಯನ್ನು ಕೇಳುವವರ ಕಡೆಗೇ ತಿರುಗಿಸುತ್ತಾನೆ.

ಸಾಮಾನ್ಯ ಸಭಿಕರಿಗೆ ಸರಳ ಪಾಠವೇ ಬೇಕು, ಇಷ್ಟೆಲ್ಲ ಜಟಿಲತೆ ಸೆಮಿನರಿಗೆ ಇರಲಿ ಎಂದು ಅನುಭವಿ ಸಭಾಪಾಲಕರು ಹೇಳುತ್ತಾರೆ. ಈ ಮಾತಿನಲ್ಲಿ ಕರುಣೆಯಿದೆ, ತುಸು ಸೋಮಾರಿತನವೂ ಇದೆ. ಕೊಸುಕೆ ಕೊಯಾಮ ಉತ್ತರ ಥಾಯ್ಲೆಂಡಿನಲ್ಲಿ ಸಭೆಗೆ ಹೋಗುವ ದಾರಿಯಲ್ಲಿ ಎಮ್ಮೆಗಳನ್ನು ನೋಡುತ್ತಿದ್ದವನು. 1974ರ ಅವನ ಗ್ರಂಥಕ್ಕೆ ಹೆಸರು ಬಂದದ್ದು ಅವುಗಳಿಂದಲೇ. ಅವನು ಎಮ್ಮೆಯನ್ನು ತಾಳ್ಮೆಗೆ ಸಂಕೇತ ಮಾಡಲಿಲ್ಲ. ಎಮ್ಮೆಯೊಡನೆ ಬದುಕುವ ರೈತನ ಅಗತ್ಯಕ್ಕೆ ತನ್ನ ದೈವಶಾಸ್ತ್ರವನ್ನು ಅಧೀನಗೊಳಿಸಿದನು. ಅದು ಸರಳವೇ, ಆದರೆ ಅಲ್ಲಿ ಬದಲಾದವನು ಬೋಧಕ.

ಕೆಲವು ತಿಂಗಳ ನಂತರ ಅದೇ ಹಿರಿಯರನ್ನು ಆರಾಧನೆಯಲ್ಲಿ ಹತ್ತು ನಿಮಿಷ ಮಾತಾಡಲು ಕೇಳಿಕೊಂಡೆ. ಅವರು ವಿಶ್ವಾಸದ ಸಾಕ್ಷಿ ಹೇಳುವರೆಂದು ಸಭೆ ಕಾದಿತ್ತು. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯ ಬಗ್ಗೆ, ಉಸಿರು ತಾಗಿದರೂ ಹಾರಿಹೋಗುವ ಸ್ಕ್ರೂಗಳ ಬಗ್ಗೆ, ಪಕ್ಕದಲ್ಲಿ ಕುಳಿತು ಕೆಲಸ ಕಲಿಸಿದ ಹೆಂಗಸಿನ ಬಗ್ಗೆ ಹೇಳಿದರು. ಬಳಿಕ ನಾನು 90ನೆಯ ಕೀರ್ತನೆಯನ್ನು, ಕೈಕೆಲಸವನ್ನು ಸ್ಥಿರಪಡಿಸೆಂದು ಬೇಡುವ ಕೊನೆಯ ವಚನದವರೆಗೆ ಓದಿ ಕುಳಿತುಕೊಂಡೆ. ಪ್ರಸಂಗ ಅಪೂರ್ಣವಾಯಿತೆಂದು ಒಂದಿಬ್ಬರು ದೂರಿದರು. ಅಪೂರ್ಣವಾಗಿತ್ತು, ನಿಜ.