ಚೌಕಾಶಿ ದರಕ್ಕೆ ಮಾತ್ರ ಸಾಲದು

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳಲ್ಲಿ ಮನೆ ಮತ್ತು ನಿವೇಶನದ ವ್ಯಾಪಾರ ಇಂದಿಗೂ ಬಹುಮಟ್ಟಿಗೆ ಮಾತಿನ ಮೇಲೆಯೇ ಕುದುರುತ್ತದೆ. ಮಾರುವವರ ಸುದ್ದಿ ಹೋಟೆಲಿನಲ್ಲೋ ಸಂತೆಯಲ್ಲೋ ಸಂಬಂಧಿಕರ ಮದುವೆಯಲ್ಲೋ ಕಿವಿಗೆ ಬೀಳುತ್ತದೆ. ಇಬ್ಬರಿಗೂ ಗೊತ್ತಿರುವ ಹಿರಿಯರೊಬ್ಬರು ನಡುವೆ ಕೂರುತ್ತಾರೆ. ದರದ ಮೇಲೆ ಎರಡು ಮೂರು ಬೈಠಕ್ ಆಗುತ್ತವೆ, ಹತ್ತು ಸಾವಿರ ಇಳಿಸಲು ಒಂದಿಡೀ ಸಂಜೆ ಕಳೆಯುತ್ತದೆ. ಮಾತು ಮುಗಿದ ಮೇಲೆ ಮುಂಗಡ ಕೈ ಬದಲಾಗುತ್ತದೆ. ಕಾಗದದ ವಿಚಾರ ಬರುವುದು ಆಮೇಲೆ. ಅಷ್ಟು ಹೊತ್ತಿಗೆ ‘ಎಲ್ಲ ಸರಿ ಐತಿ, ನಾನಿದೀನಲ್ಲ’ ಎಂಬ ಒಂದು ಮಾತು ಹತ್ತು ದಾಖಲೆಗಳ ಜಾಗದಲ್ಲಿ ಕೂತುಬಿಟ್ಟಿರುತ್ತದೆ.

ಈ ಪದ್ಧತಿಯ ಗುಣವನ್ನು ಮೊದಲು ಹೇಳಬೇಕು. ಸಣ್ಣ ಊರಿನಲ್ಲಿ ಮಾತಿಗೆ ಬೆಲೆಯಿದೆ. ಕೊಟ್ಟ ಮಾತು ತಪ್ಪಿದವರಿಗೆ ಅದೇ ಬೀದಿಯಲ್ಲಿ ತಲೆ ಎತ್ತಿ ಓಡಾಡುವುದು ಕಷ್ಟ. ಹಣ ಹೊಂದಿಸಲು ಕೊಳ್ಳುವವರಿಗೆ ಅಡಿಕೆ ಕೊಯ್ಲಿನವರೆಗೆ ಕಾಲ ಸಿಗುತ್ತದೆ. ಮಗಳ ಮದುವೆಗೆಂದು ಮನೆ ಮಾರುವವರಿಗೆ ಮದುವೆ ಮುಗಿಯುವವರೆಗೆ ಅಲ್ಲೇ ಇರಲು ಬಿಡುವ ಉದಾರತೆಯೂ ಇದೆ. ದೊಡ್ಡ ನಗರದ ಅಪಾರ್ಟ್‌ಮೆಂಟ್ ಮಾರಾಟದಲ್ಲಿ ಈ ಮುಲಾಜು ಹುಡುಕಿದರೂ ಸಿಗದು. ಆದರೆ ಚೌಕಾಶಿಯೆಲ್ಲ ದರದ ಮೇಲೆಯೇ ಖರ್ಚಾಗಿ, ಹಕ್ಕಿನ ಮೇಲೆ ಒಂದು ಪ್ರಶ್ನೆಯೂ ಉಳಿಯದಿರುವುದು ಈ ಪದ್ಧತಿಯ ಮೂಲ ದೋಷ. ತೋಟ ಕೊಳ್ಳುವ ರೈತ ಬೋರ್‌ವೆಲ್ಲಿನ ನೀರು ನೋಡದೆ ಮಾತಾಡುವುದಿಲ್ಲ. ಅದೇ ರೈತ ಪಟ್ಟಣದಲ್ಲಿ ನಿವೇಶನ ಕೊಳ್ಳುವಾಗ ದಾಖಲೆಯ ತಳ ನೋಡುವುದಿಲ್ಲ.

ನಾಲ್ಕೂ ಊರುಗಳ ವ್ಯಾಪಾರಕ್ಕೆ ಒಂದೇ ಮುಖವಿಲ್ಲ. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಹಳೆಯ ಆಸ್ತಿಯ ಮೂಲಪತ್ರಗಳಲ್ಲಿ ಇಂದಿಗೂ ಆ ಹಳೆಯ ಜಿಲ್ಲೆಗಳ ಹೆಸರೇ ಇರುತ್ತದೆ. ಚನ್ನಗಿರಿಯ ಮಾರುಕಟ್ಟೆ ಅಡಿಕೆಯ ಮಾರುಕಟ್ಟೆಯ ನೆರಳು. ರಾಶಿ ಅಡಿಕೆ ಕ್ವಿಂಟಲಿಗೆ 50 ಸಾವಿರ ದಾಟಿದ ವರ್ಷಗಳಲ್ಲಿ ಹಣ ತೋಟದಿಂದ ಪಟ್ಟಣದ ನಿವೇಶನಕ್ಕೆ ಹರಿಯುತ್ತದೆ. ವಾಸಕ್ಕೆ ಮನೆ ಬೇಕಾದ ಶಿಕ್ಷಕ, ನರ್ಸು, ಅಂಗಡಿಯವರು ಬೆಳೆಯ ದುಡ್ಡಿನೊಂದಿಗೆ ಪೈಪೋಟಿ ಮಾಡಬೇಕಾಗುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆ ಇದ್ದಾಳೆ, ಅವಳ ನೀರಾವರಿಯೂ ಅವಳ ನೆರೆಯೂ ಇವೆ. ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ತಾಲ್ಲೂಕಾದ ನ್ಯಾಮತಿ ಆಡಳಿತಕ್ಕೆ ದಾವಣಗೆರೆಯದಾದರೂ ಓಡಾಟಕ್ಕೆ ಶಿವಮೊಗ್ಗದ ಕಡೆಯದು. ಹೊಸ ತಾಲ್ಲೂಕು ಎಂದಾಗ ಕಚೇರಿ ಎಲ್ಲಿ ಬರಬಹುದು, ರಸ್ತೆ ಎತ್ತ ಅಗಲವಾಗಬಹುದು ಎಂಬ ಊಹೆಗೇ ದರ ಕಟ್ಟುವುದು ಶುರುವಾಗುತ್ತದೆ. ಬರಕ್ಕೆ ಹೆಸರಾದ ಜಗಳೂರಿನಲ್ಲಿ ತುಂಗಭದ್ರೆಯ ನೀರಿನಿಂದ 57 ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ನಿರೀಕ್ಷೆ ಜಮೀನಿನ ಲೆಕ್ಕವನ್ನೇ ಬದಲಿಸುತ್ತಿವೆ. ಇದರ ಮೇಲೆ 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾಯಿತು.

ಊರ ಅಂಚಿನ ಹೊಸ ಬಡಾವಣೆಯನ್ನು ಹತ್ತಿರದಿಂದ ನೋಡಿ. ಕಳೆದ ವರ್ಷ ಮೆಕ್ಕೆಜೋಳ ನಿಂತಿದ್ದ ಹೊಲ. ಕೆಂಪು ಗರಸು ಹಾಸಿದ ರಸ್ತೆ, ಸುಣ್ಣ ಬಳಿದ ಗಡಿಕಲ್ಲು, ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದ ಸೈಟಿನ ನಂಬರು. ಕೊಳ್ಳಲು ಬಂದವರು ಮೊದಲು ದಿಕ್ಕು ಕೇಳುತ್ತಾರೆ. ಪೂರ್ವಕ್ಕೆ ಬಾಗಿಲು ಬರುತ್ತದೆಯೇ, ಗೋಮುಖವೋ ವ್ಯಾಘ್ರಮುಖವೋ, ಮೂಲೆ ಸೈಟೋ ಎಂದು ವಿಚಾರಿಸುತ್ತಾರೆ. ಇವಕ್ಕೆಲ್ಲ ಉತ್ತರ ಸಿದ್ಧವಿರುತ್ತದೆ. ಕೇಳದೆ ಉಳಿಯುವ ಪ್ರಶ್ನೆಗಳು ಬೇರೆ. ಈ ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಅಲಿನೇಷನ್ ಆದೇಶವಿದೆಯೇ? ಬಡಾವಣೆಯ ನಕ್ಷೆಗೆ ಅನುಮೋದನೆಯಿದೆಯೇ? ನಕ್ಷೆಯಲ್ಲಿ ಪಾರ್ಕು, ರಸ್ತೆ ಎಂದು ತೋರಿಸಿದ ಜಾಗವನ್ನು ಪಂಚಾಯಿತಿಗೋ ಪುರಸಭೆಗೋ ಬಿಟ್ಟುಕೊಟ್ಟಿದ್ದಾರೆಯೇ? ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರ ಅಡಿ. ಅದರಲ್ಲಿ ರಸ್ತೆ, ಉದ್ಯಾನಕ್ಕೆ ನ್ಯಾಯವಾಗಿ ಬಿಟ್ಟರೆ ಉಳಿಯುವ ಮೂವತ್ತು-ನಲವತ್ತರ ಸೈಟುಗಳೆಷ್ಟು ಎಂಬುದನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಹೇಳಿದ ಸಂಖ್ಯೆ ಅದಕ್ಕಿಂತ ಬಹಳ ಹೆಚ್ಚಿದ್ದರೆ, ಮಕ್ಕಳು ಆಡಬೇಕಾದ ಜಾಗವೂ ಮಾರಾಟವಾಗಿದೆ ಎಂದೇ ಅರ್ಥ.

ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ಬಡಾವಣೆಯನ್ನು ಮಾರುವ ಮೊದಲು ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ (ರೇರಾ) ನೋಂದಾಯಿಸಬೇಕೆಂದು 2016ರ ಕಾಯ್ದೆ ಹೇಳುತ್ತದೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದೂ ಅದೇ ಕಾಯ್ದೆಯಲ್ಲಿದೆ. ಬೆಂಗಳೂರಿನ ಫ್ಲ್ಯಾಟಿಗಷ್ಟೇ ಈ ಕಾನೂನು ಎಂಬ ಭಾವನೆ ನಮ್ಮ ಕಡೆ ಬಲವಾಗಿದೆ. ಅದು ತಪ್ಪು, ಕಾಯ್ದೆಯ ‘ಯೋಜನೆ’ಯಲ್ಲಿ ನಿವೇಶನಗಳ ಬಡಾವಣೆಯೂ ಸೇರುತ್ತದೆ.

ಖಾತೆಯ ಬಗೆಗಿನ ನಂಬಿಕೆ ಇನ್ನೊಂದು ಎಡವಟ್ಟು. ‘ಖಾತೆ ನಮ್ಮ ಹೆಸರಿಗೈತಿ’ ಎಂದರೆ ಮನೆ ನಮ್ಮದೇ ಎಂದು ತಿಳಿಯುತ್ತೇವೆ. ಖಾತೆ ಎಂಬುದು ತೆರಿಗೆ ಯಾರು ಕಟ್ಟಬೇಕೆಂಬ ದಾಖಲೆ. ಒಡೆತನ ಹುಟ್ಟುವುದು ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ವಾರಸುದಾರಿಕೆಯಂಥ ಮೂಲಗಳಿಂದ. ಪಂಚಾಯಿತಿಯ ನಮೂನೆ 11ಬಿ ಸಿಕ್ಕ ಮಾತ್ರಕ್ಕೆ ಬಡಾವಣೆ ಸಕ್ರಮವಾಗುವುದಿಲ್ಲ. ಅದರ ಮೇಲೆ ಮನೆ ಸಾಲ ಕೇಳಲು ಹೋದಾಗ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಕೊಂಡವರಿಗೆ ಸತ್ಯ ಗೊತ್ತಾಗುವುದು ಆಗ. ಅಷ್ಟರಲ್ಲಿ ಕೈಯಲ್ಲಿದ್ದ ಉಳಿತಾಯ ಸೈಟಿಗೆ ಹೋಗಿರುತ್ತದೆ, ಮನೆ ಕಟ್ಟಲು ಉಳಿಯುವುದು ಕೈಗಡ ಮತ್ತು ಅದರ ಬಡ್ಡಿ.

ಕರಾರಿನ ಅಭ್ಯಾಸವೂ ವಿಮರ್ಶೆಗೆ ನಿಲ್ಲಬೇಕು. ಛಾಪಾ ಕಾಗದದ ಮೇಲೆ ಅಗ್ರಿಮೆಂಟ್ ಬರೆಸಿ, ಜೊತೆಗೊಂದು ಸಾಮಾನ್ಯ ಅಧಿಕಾರ ಪತ್ರ (ಜಿಪಿಎ) ಪಡೆದು, ಬೀಗದ ಕೈ ಇಸಿದುಕೊಂಡರೆ ಕೊಂಡಂತೆಯೇ ಎಂದು ವರ್ಷಗಟ್ಟಲೆ ಸುಮ್ಮನಿರುವವರಿದ್ದಾರೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ಮಾರಾಟದ ಕರಾರು ತನ್ನಿಂದ ತಾನೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಕೊಡುವುದಿಲ್ಲ. ಜಿಪಿಎ ಮೂಲಕ ನಡೆಯುವ ‘ಮಾರಾಟ’ ಒಡೆತನ ವರ್ಗಾಯಿಸದು ಎಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿತು. ಕರಾರಿನಂತೆ ಕ್ರಯಪತ್ರ ಮಾಡಿಸಿಕೊಡಿ ಎಂದು ದಾವೆ ಹೂಡಲು ಕಾಲಮಿತಿ ಮೂರು ವರ್ಷ. ಮಾತಿನ ಮೇಲಿನ ವಿಶ್ವಾಸದಲ್ಲಿ ಆ ಮೂರು ವರ್ಷ ಸದ್ದಿಲ್ಲದೆ ಜಾರಿಹೋಗುತ್ತವೆ. ಮಾರಿದವರು ತೀರಿಕೊಂಡ ಮೇಲೆ ಮಾತಿನ ಹೊಣೆ ಮಕ್ಕಳ ಮೇಲೆ ಬೀಳುತ್ತದೆ. ಮಕ್ಕಳಿಗೆ ಆ ಮಾತು ಗೊತ್ತೇ ಇರುವುದಿಲ್ಲ.

ಋಣಭಾರ ಪತ್ರ, ಅಂದರೆ ಇಸಿ, ತೆಗೆಸಿದೆವಲ್ಲ ಎನ್ನುವವರೂ ಇದ್ದಾರೆ. ಅದು ಅಗತ್ಯ, ಆದರೆ ಅಷ್ಟೇ ಸಾಲದು. ನೋಂದಣಿಯಾದ ವ್ಯವಹಾರವಷ್ಟೇ ಇಸಿಯಲ್ಲಿ ಕಾಣುತ್ತದೆ. ಬಾಯಿಮಾತಿನ ಪಾಲು, ನೋಂದಣಿಯಾಗದ ಇನ್ನೊಂದು ಅಗ್ರಿಮೆಂಟ್, ಲಕ್ಷಗಟ್ಟಲೆ ಕೊಟ್ಟು ಭೋಗ್ಯಕ್ಕೆ ಕೂತವರ ಹಣ, ಇವು ಯಾವುವೂ ಅಲ್ಲಿ ಬರುವುದಿಲ್ಲ. ಮನೆ ಮಾರಾಟವಾದಾಗ ಭೋಗ್ಯದಾರರ ಸ್ಥಿತಿ ಎಲ್ಲರಿಗಿಂತ ಕಷ್ಟದ್ದು. ಕೊಂಡವರು ‘ಬಿಡಿ’ ಎನ್ನುತ್ತಾರೆ, ಮಾರಿದವರು ‘ಕೊಡ್ತೀನಿ’ ಎನ್ನುತ್ತಾರೆ.

ಹೊನ್ನಾಳಿಯಲ್ಲಿ ನದಿಯೂ ಇಸಿಯಲ್ಲಿ ಕಾಣುವುದಿಲ್ಲ. ಮಳೆಗಾಲದಲ್ಲಿ ತುಂಗಾ, ಭದ್ರಾ ಜಲಾಶಯಗಳಿಂದ ನೀರು ಬಿಟ್ಟಾಗ ಬಾಲರಾಜ ಘಾಟಿನ ಮನೆಗಳಿಗೆ ನೀರು ನುಗ್ಗಿ, ಅಲ್ಲಿನವರು ಕಾಳಜಿ ಕೇಂದ್ರ ಸೇರುವುದನ್ನು ಊರು ಮತ್ತೆ ಮತ್ತೆ ಕಂಡಿದೆ. ನದಿ ಬದಿಯ ಮನೆ ನೋಡುವವರು ಬೇಸಿಗೆಯಲ್ಲಿ ಬಾಗಿಲು, ಕಿಟಕಿ ನೋಡಿ ದರ ಮುಗಿಸಿದರೆ, ಆ ಮನೆಯ ಅರ್ಧ ಸತ್ಯವನ್ನಷ್ಟೇ ನೋಡಿದಂತೆ. ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದವರನ್ನು ಕೇಳಿದರೆ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ನನಗೆ ಎಲ್ಲಕ್ಕಿಂತ ನೋವು ತರುವ ದೋಷ ಹೆಣ್ಣುಮಕ್ಕಳ ಸಹಿಯದು. ಪಿತ್ರಾರ್ಜಿತ ಮನೆ ಮಾರುವ ಬೈಠಕ್ಕಿನಲ್ಲಿ ಅಣ್ಣತಮ್ಮಂದಿರು ಕೂರುತ್ತಾರೆ, ಸೋದರಮಾವ ಕೂರುತ್ತಾನೆ, ದಲ್ಲಾಳಿಯೂ ಕೂರುತ್ತಾನೆ. ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಸುದ್ದಿ ತಲುಪುವುದು ನೋಂದಣಿಯ ಹಿಂದಿನ ದಿನ: ‘ಆಧಾರ್ ಕಾರ್ಡು ತಗೊಂಡು ಬಾರವ್ವ, ಒಂದು ಸಹಿ ಬೇಕಾಗೈತಿ.’ ಕೈಗೆ ಒಂದಿಷ್ಟು ದುಡ್ಡಿಟ್ಟು ಅರಿಶಿನ-ಕುಂಕುಮಕ್ಕೆ ಎನ್ನುತ್ತಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯಕ್ಕೆ ಆಕೆ ಸಹಿ ಹಾಕುತ್ತಾಳೆ. ಕೆಲವು ಕಡೆ ವಂಶವೃಕ್ಷದಲ್ಲೇ ಆಕೆಯ ಹೆಸರು ಬಿಟ್ಟುಹೋಗಿರುತ್ತದೆ. ಹೆಣ್ಣುಮಕ್ಕಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಂದಿತ್ತು, ಅಂದು ಮದುವೆಯಾಗದಿದ್ದವರಿಗೆ ಮಾತ್ರ. 2005ರ ಕೇಂದ್ರ ತಿದ್ದುಪಡಿ ಆ ಭೇದ ತೆಗೆಯಿತು. ಆ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೀಗಿರುವಾಗ ಅಕ್ಕನನ್ನು ಕೇಳದೆ ಕೊಂಡ ಮನೆ ನಾಳೆ ವಿಭಾಗದ ದಾವೆಗೆ ಸಿಕ್ಕರೆ, ತಪ್ಪು ಅಕ್ಕನದಲ್ಲ. ಆಕೆಯನ್ನು ಬೈಠಕ್ಕಿಗೆ ಕರೆಯದವರದು, ಕರೆಸಿ ಎಂದು ಕೇಳದೆ ಕೊಂಡವರದು.

ಸರ್ಕಾರ ಮಂಜೂರು ಮಾಡಿದ ಭೂಮಿಯ ವಿಚಾರದಲ್ಲೂ ಇದೇ ಅಜಾಗರೂಕತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಕೊಳ್ಳುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ಮರಳಿ ಕೇಳಲು ಕಾಲಮಿತಿ ಅಡ್ಡಬರದಂತೆ 2023ರಲ್ಲಿ ಅದಕ್ಕೆ ತಿದ್ದುಪಡಿಯೂ ಆಯಿತು. ಅಂಥ ಹೊಲ ಬಡಾವಣೆಯಾಗಿ, ಸೈಟು ಮೂರು ಕೈ ದಾಟಿದ್ದರೂ ಮೂಲದ ಕೊರತೆ ಹೋಗುವುದಿಲ್ಲ. ಈ ಸೀಮೆಯ ತಾಂಡಾ, ಹಟ್ಟಿಗಳಲ್ಲಿ ತಲೆಮಾರುಗಳಿಂದ ವಾಸವಿದ್ದವರ ಮನೆಗೆ ಹಕ್ಕುಪತ್ರ ಸಿಗುವ ಕಾಲ ಈಗ ಬಂದಿದೆ. ಆ ಪತ್ರ ಸಿಕ್ಕ ಕುಟುಂಬದ ತುರ್ತನ್ನು ಕಂಡು ಕಡಿಮೆ ದರಕ್ಕೆ ಕರಾರು ಬರೆಸಿಕೊಳ್ಳುವುದನ್ನು ವ್ಯಾಪಾರ ಎಂದು ಕರೆಯಲು ನನಗೆ ಮನಸ್ಸು ಬಾರದು.

ಪತ್ರದಲ್ಲೊಂದು, ಕೈಯಲ್ಲೊಂದು ಎಂಬ ಎರಡು ದರಗಳ ಪದ್ಧತಿಯನ್ನು ಲೆಕ್ಕ ಹಾಕಿಯೇ ನೋಡೋಣ. ಒಂದು ಸೈಟಿನ ನಿಜದ ಬೆಲೆ 12 ಲಕ್ಷ, ಮಾರ್ಗಸೂಚಿ ದರದಂತೆ 6 ಲಕ್ಷ ಎಂದುಕೊಳ್ಳಿ. ಪತ್ರದಲ್ಲಿ 6 ಲಕ್ಷ ಬರೆಸುತ್ತಾರೆ, ಉಳಿದದ್ದು ನಗದು. ಪಟ್ಟಣ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್, ಸರ್ಚಾರ್ಜ್ ಸೇರಿ ಶೇ 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6. ಮರೆಮಾಚಿದ 6 ಲಕ್ಷಕ್ಕೆ ಉಳಿದದ್ದು 45,600 ರೂಪಾಯಿ. ಇದಕ್ಕೆ ಕೊಂಡವರು ತೆರುವ ಬೆಲೆಯೇನು? ನಾಳೆ ಹಕ್ಕಿನಲ್ಲಿ ತಕರಾರು ಬಂದು ಹಣ ಮರಳಿ ಕೇಳಬೇಕಾದರೆ ಕಾಗದ ಹೇಳುವುದು 6 ಲಕ್ಷ ಮಾತ್ರ. ಮುಂದೆ ತಾವೇ ಪೂರ್ತಿ ಬೆಲೆ ತೋರಿಸಿ ಮಾರಿದರೆ, ತೋರಿಸದ 6 ಲಕ್ಷವೂ ಲಾಭವೆಂದೇ ಎಣಿಕೆಯಾಗಿ ತೆರಿಗೆಗೆ ಬರುತ್ತದೆ. ಶುಲ್ಕ ಭಾರವಾಗಿದೆ ಎಂಬ ದೂರಿನಲ್ಲಿ ನ್ಯಾಯವಿದೆ; ಸಣ್ಣ ಪಟ್ಟಣದ ಮೊದಲ ಮನೆಗೆ ಸರ್ಕಾರ ಅದನ್ನು ಇಳಿಸಬೇಕು. ಆದರೆ ಇಂದು ಆ ಉಳಿತಾಯದಿಂದ ಬಲಪಡುವವರು ಮಾರುವವರು, ಬಲಗುಂದುವವರು ಕೊಳ್ಳುವವರು.

ಸರ್ಕಾರದ ಸುಧಾರಣೆಗಳನ್ನೂ ಇದೇ ಒರೆಗೆ ಹಚ್ಚಬೇಕು. ಗ್ರಾಮ ಪಂಚಾಯಿತಿಗಳಲ್ಲಿ 2013ರಿಂದ ಇ-ಸ್ವತ್ತು ಇದೆ. 2024ರ ಕೊನೆಯ ತಿಂಗಳುಗಳಿಂದ ಪಟ್ಟಣಗಳಲ್ಲೂ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ದಾರಿಯನ್ನು ಇದು ಬಹಳ ಕಿರಿದಾಗಿಸಿದೆ, ಸಂದೇಹವಿಲ್ಲ. 2024ರ ಸೆಪ್ಟೆಂಬರಿನಿಂದ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ಪತ್ರ ನೋಂದಾಯಿಸಬಹುದು. ಜಗಳೂರಿನ ಮನೆಯ ಕ್ರಯಪತ್ರ ಚನ್ನಗಿರಿಯಲ್ಲಿ ಆದೀತು. ಅನುಕೂಲ ನಿಜ, ಜೊತೆಗೆ ಊರವರ ಕಣ್ಗಾವಲೂ ತಪ್ಪುತ್ತದೆ, ಹಾಗಾಗಿ ಕೊಳ್ಳುವವರ ಹೊಣೆ ಹೆಚ್ಚುತ್ತದೆ. 2025ರಲ್ಲಿ ಅನಧಿಕೃತ ಬಡಾವಣೆಗಳ ಆಸ್ತಿಗೂ ಬಿ ಖಾತೆ ಕೊಡುವ ಅಭಿಯಾನ ನಡೆಯಿತು. ಮನೆ ಕಟ್ಟಿ ಕೂತವರಿಗೆ ಅದು ನೆಮ್ಮದಿ. ಬಡಾವಣೆ ಮಾಡಿದವರನ್ನು ಬಿಟ್ಟು, ಕೊಂಡವರಿಂದಷ್ಟೇ ಹೆಚ್ಚುವರಿ ತೆರಿಗೆ ಪಡೆಯುವುದು ಮಾತ್ರ ನ್ಯಾಯವಲ್ಲ. ಚರಂಡಿ, ನೀರು, ದೀಪವಿಲ್ಲದ ಬೀದಿಗೆ ಖಾತೆ ಮೊದಲು ಬಂದು ಸೌಲಭ್ಯ ಯಾವಾಗಲೋ ಬರುವುದಾದರೆ ತಪ್ಪು ಮಾಡಿದವರಿಗೆ ಅದೇ ಪ್ರೋತ್ಸಾಹ.

ಈ ಪದ್ಧತಿಯನ್ನು ಕಿತ್ತೆಸೆಯಬೇಕೆಂದು ನಾನು ಹೇಳುವುದಿಲ್ಲ. ನಡುವೆ ಕೂರುವ ಹಿರಿಯರು ಇರಲಿ, ಬೈಠಕ್ ನಡೆಯಲಿ, ಹಬ್ಬದವರೆಗೆ ಕಾಲಾವಕಾಶ ಕೊಡುವ ದೊಡ್ಡತನವೂ ಇರಲಿ. ಕ್ರಮ ಮಾತ್ರ ಬದಲಾಗಬೇಕು. ಮುಂಗಡಕ್ಕೆ ಮೊದಲು ಮೂಲಪತ್ರ, ಮೂವತ್ತು ವರ್ಷದ ಇಸಿ, ಅಲಿನೇಷನ್ ಆದೇಶ, ಅನುಮೋದಿತ ನಕ್ಷೆ, ಮನೆತನದ ಪೂರ್ತಿ ವಂಶವೃಕ್ಷ ಮೇಜಿನ ಮೇಲೆ ಬರಬೇಕು. ಸ್ವಂತ ವಕೀಲರಿಂದ ಅವನ್ನು ಓದಿಸಬೇಕು. ಮಾರುವವರೇ ಕರೆತಂದ ವಕೀಲರು ಇದಕ್ಕೆ ಸಾಲರು. ಚೆಕ್ಕುಬಂದಿಯನ್ನು ಕೈಯಲ್ಲಿ ಹಿಡಿದು ಸ್ಥಳದಲ್ಲಿ ನಿಂತು ನಾಲ್ಕೂ ದಿಕ್ಕು ತಾಳೆ ನೋಡಬೇಕು. ಮುಂಗಡ ಬ್ಯಾಂಕಿನ ಮೂಲಕ ಹೋಗಲಿ, ಕರಾರು ನೋಂದಣಿಯಾಗಲಿ. ಅಕ್ಕತಂಗಿಯರಿಗೆ ಬೈಠಕ್ಕಿನ ಮೊದಲ ದಿನವೇ ಕರೆ ಹೋಗಲಿ.

ಇಷ್ಟು ಕೇಳಿದರೆ ‘ನಂಬಿಕೆ ಇಲ್ವಾ?’ ಎಂದು ಎದುರಿನವರು ಬೇಸರ ಪಟ್ಟಾರು ಎಂಬ ಅಂಜಿಕೆ ನಮ್ಮ ಊರುಗಳಲ್ಲಿ ದೊಡ್ಡದು. ಆ ಬೇಸರವನ್ನು ತಡೆದುಕೊಳ್ಳಲು ಕಲಿಯಬೇಕು. ಪ್ರಾಮಾಣಿಕವಾಗಿ ಮಾರುವವರಿಗೆ ದಾಖಲೆ ತೋರಿಸುವುದರಿಂದ ಕಳೆದುಕೊಳ್ಳುವುದೇನೂ ಇಲ್ಲ. ತೋರಿಸಲು ತಡಮಾಡುವವರಿಂದ ದೂರ ಸರಿದರೆ ನಾವೂ ಕಳೆದುಕೊಳ್ಳುವುದಿಲ್ಲ. ಒಂದು ಕುಟುಂಬ ಜೀವಮಾನದಲ್ಲಿ ಮನೆ ಕೊಳ್ಳುವುದು ಹೆಚ್ಚೆಂದರೆ ಒಂದೆರಡು ಸಲ. ದರದಲ್ಲಿ ಹತ್ತು ಸಾವಿರ ಸೋತರೆ ಎರಡು ಬೆಳೆಯಲ್ಲಿ ತುಂಬಿಕೊಳ್ಳಬಹುದು. ಹಕ್ಕಿನಲ್ಲಿ ಸೋತರೆ ಮಕ್ಕಳ ಕಾಲಕ್ಕೂ ಕೋರ್ಟಿನ ಮೆಟ್ಟಿಲು ತಪ್ಪುವುದಿಲ್ಲ.