ಐರೋಪ್ಯ ಸಂಗೀತದ ಚರಿತ್ರೆಯೂ ಮೇಳವಾದನವೂ

ಐರೋಪ್ಯ ಸಂಗೀತದ ಚರಿತ್ರೆಯನ್ನು ಓದಿದ ಮಾತ್ರಕ್ಕೆ ಆ ಸಂಗೀತವು ತಿಳಿದಂತಾಯಿತೆ? ನಮ್ಮ ಸರ್ಜಾಪುರದ ಸುತ್ತಿನಲ್ಲಿಯೂ ಈಚೆಗೆ ಮಕ್ಕಳು ಪಿಯಾನೋ, ಪಿಟೀಲುಗಳನ್ನು ಆ ಕ್ರಮದಲ್ಲಿ ಕಲಿಯುತ್ತಿರುವುದರಿಂದ ಈ ಪ್ರಶ್ನೆಯು ವಿಚಾರಾರ್ಹವಾದುದು.

ಲಕ್ಷ್ಯಕ್ಕೆ ಹೊಂದದ ಲಕ್ಷಣವನ್ನು ನಮ್ಮ ಶಾಸ್ತ್ರಜ್ಞರು ಆದರಿಸಲಿಲ್ಲ. ಐರೋಪ್ಯರಲ್ಲಿ ಲಕ್ಷ್ಯವೆಂಬುದು ಬಹುಮಟ್ಟಿಗೆ ಮೇಳವಾದನವೇ. ಆಸ್ಟ್ರಿಯಾದೇಶದ ಹೈಡನ್ನನು 1781ರಲ್ಲಿ ರಚಿಸಿದ ಆರು ಕ್ವಾರ್ಟೆಟ್ಟುಗಳನ್ನು ಚರಿತ್ರಕಾರರು ಬಹುವಾಗಿ ಶ್ಲಾಘಿಸಿರುವರು. ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೋ, ಈ ನಾಲ್ಕೂ ಸಮಾನರ ಸಂಭಾಷಣೆಯಂತೆ ನಡೆಯುವುವೆಂದು ಪುಸ್ತಕದಲ್ಲಿ ಓದುತ್ತೇವೆ. ಆದರೆ ಎರಡನೆಯ ಪಿಟೀಲನ್ನು ಹಿಡಿದು ಕುಳಿತು, ಮೌನದ ಮಾತ್ರೆಗಳನ್ನೆಣಿಸಿ, ಸಕಾಲದಲ್ಲಿ ಮೆಲ್ಲನೆ ಒಳಹೊಕ್ಕು, ಮತ್ತೊಬ್ಬನ ಗಾನಕ್ಕೆ ಆಧಾರವಾಗಿ ನಿಂತವನಿಗಲ್ಲದೆ ಆ ವಾಕ್ಯದ ಅರ್ಥವು ಹೊಳೆಯದು. ನಮ್ಮ ಕಚೇರಿಯಲ್ಲಿ ಪಕ್ಕವಾದ್ಯದವನು ಗಾಯಕನನ್ನು ಅನುಸರಿಸುವನು. ಅಲ್ಲಿ ಯಾರು ಯಾರನ್ನು ಅನುಸರಿಸಬೇಕೆಂಬುದು ಕ್ಷಣಕ್ಷಣಕ್ಕೂ ಬದಲಾಗುವುದು. ಪಾಠಶಾಲೆಯಲ್ಲಿ ಒಟ್ಟಾಗಿ ಸಂತೆ ಹೇಳಿದವರು ಇದನ್ನು ಸ್ವಲ್ಪಮಟ್ಟಿಗೆ ಊಹಿಸಬಲ್ಲರು.

ಹಾಗೆಂದು ಚರಿತ್ರೆಯು ವ್ಯರ್ಥವಲ್ಲ. 1750ರಲ್ಲಿ ಗತಿಸಿದ ಬಾಕನ ಕಾಲದಲ್ಲಿ ಮಂದ್ರಸ್ವರಗಳಿಗೆ ಅಂಕೆಗಳನ್ನು ಮಾತ್ರ ಸೂಚಿಸಿ, ಮೇಲಿನ ಸ್ವರಗಳನ್ನು ತುಂಬುವ ಕೆಲಸವನ್ನು ವಾದಕನ ಮನೋಧರ್ಮಕ್ಕೆ ಬಿಡುತ್ತಿದ್ದರು. ಇದನ್ನರಿಯದ ಮೇಳವು ಕಂಡಷ್ಟನ್ನೇ ನುಡಿಸಿ ಅಸ್ಥಿಪಂಜರವನ್ನು ನಮ್ಮ ಮುಂದಿಟ್ಟೀತು.

ಎರಡು ವಿದ್ಯೆಗಳೂ ಕೂಡಿದ ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮೈಸೂರಿನ ಜಯಚಾಮರಾಜೇಂದ್ರ ಒಡೆಯರವರು (1919–1974) ಪಿಯಾನೋವಾದನವನ್ನು ಶಾಸ್ತ್ರೋಕ್ತವಾಗಿ ಅಭ್ಯಸಿಸಿದವರು. ವೀಣೆ ವೆಂಕಟಗಿರಿಯಪ್ಪನವರ ಶಿಷ್ಯರಾಗಿ ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯಾದ ಮೆಟ್ನರನ ಮೂರೂ ಪಿಯಾನೋ ಕಾನ್ಸರ್ಟೋಗಳು ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮುದ್ರಿತವಾದುದು ಅವರ ಔದಾರ್ಯದಿಂದ. ಮೂರನೆಯದನ್ನು ಆತನು ಮಹಾರಾಜರಿಗೇ ಅರ್ಪಿಸಿದನು. 1950ರ ಮೇ 22ರಂದು ಸ್ಟ್ರಾಸನ ಕಡೆಯ ನಾಲ್ಕು ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿಗೆ ಕೇಳಿಬಂದುದಕ್ಕೂ ಅವರ ಬೆಂಬಲವಿದ್ದಿತು.

ಇದೆಲ್ಲವೂ ಸ್ತುತ್ಯವೇ. ಆದರೂ ಧ್ವನಿಮುದ್ರಿಕೆಯು ಕಿವಿಯನ್ನು ಬೆಳಸೀತೇ ಹೊರತು ಕೈಯನ್ನಲ್ಲ. ಮೈಸೂರರಮನೆಯ ವಾದ್ಯವೃಂದದಲ್ಲಿ ಕುಳಿತು, ಪರದೇಶದ ಸ್ವರಲಿಪಿಯನ್ನು ನೋಡಿ ನುಡಿಸಿದ ನಮ್ಮವರ ವಿದ್ಯೆಯು ನನಗೆ ಅದಕ್ಕಿಂತಲೂ ಹಿರಿದಾಗಿ ತೋರುವುದು. ಮಹಾರಾಜರ ಪೋಷಣೆಯನ್ನು ಹೊಗಳುವ ಲೇಖಕರು ಆ ವಾದಕರನ್ನು ಮರೆಯುವುದೇಕೆ?

ಈಗಿನ ಶ್ರೇಣಿಪರೀಕ್ಷೆಗಳಲ್ಲಿಯೂ ಮಗುವು ಬಹುಮಟ್ಟಿಗೆ ಒಂಟಿಯಾಗಿಯೇ ಪರೀಕ್ಷಕನೆದುರು ನಿಲ್ಲುವುದು. ಎಂಟನೆಯ ಶ್ರೇಣಿಯ ಪ್ರಶಸ್ತಿಪತ್ರವನ್ನು ಗೋಡೆಗೆ ತೂಗುಹಾಕುವ ತಾಯಿತಂದೆಗಳು ನೆರೆಮನೆಯ ಮೂವರು ಮಕ್ಕಳನ್ನು ವಾರಕ್ಕೊಮ್ಮೆ ಕರೆದು, ಹೈಡನ್ನನ ಒಂದು ಕೃತಿಯನ್ನೂ ಅವನ ಕಾಲದ ಒಂದು ಅಧ್ಯಾಯವನ್ನೂ ಒಟ್ಟಿಗೆ ಮುಂದಿಡಲಿ. ತಮ್ಮ ಮಗುವಿಗೆ ಎರಡನೆಯ ಪಿಟೀಲು ಬಂದರೆ ಬೇಸರಪಡದಿರಲಿ.