ಎಮ್ಮೆಗೆ ಬರೆ

ಕಮ್ಮನಹಳ್ಳಿಯಲ್ಲಿ ನಮ್ಮ ಮೇಲಿನ ಮನೆಯ ಹುಡುಗಿ 2024ರ ಮಾರ್ಚ್‌ನಲ್ಲಿ ಎಂಟನೇ ತರಗತಿಯಲ್ಲಿದ್ದಳು. ಮನೆಯಲ್ಲಿ ತಮಿಳು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕನ್ನಡ. ಸಂಜೆ ಹೊತ್ತು ಕನ್ನಡ ಪುಸ್ತಕ ಹಿಡಿದು ನನ್ನ ಹತ್ತಿರ ಬರುತ್ತಿದ್ದಳು. ಮಾರ್ಚ್ 6ರಂದು ಬಾಗಿಲಲ್ಲೇ ನಿಂತು, "ಆಂಟಿ, ಬೋರ್ಡ್ ಎಕ್ಸಾಮ್ ಕ್ಯಾನ್ಸಲ್ ಅಂತೆ. ಇವತ್ತು ಓದ್ಬೇಕಾ?" ಅಂದಳು. ಮರುದಿನ ಬಂದು, "ಮತ್ತೆ ಇದೆಯಂತೆ" ಅಂದಳು. ಆ ತಿಂಗಳಿಡೀ ಅವಳ ಮಾತು ಈ ಎರಡು ವಾಕ್ಯಗಳ ನಡುವೆಯೇ ಓಡಾಡಿತು.

ನಡೆದದ್ದು ಇಷ್ಟು. ಐದು, ಎಂಟು, ಒಂಬತ್ತು ಮತ್ತು ಹನ್ನೊಂದನೇ ತರಗತಿಗಳಿಗೆ ಮಂಡಳಿಯ ಮೂಲಕ ಪರೀಕ್ಷೆ ನಡೆಸುವ ಸರ್ಕಾರದ ಆದೇಶವನ್ನು ಹೈಕೋರ್ಟಿನ ಏಕಸದಸ್ಯ ಪೀಠ ಮಾರ್ಚ್ 6ರಂದು ರದ್ದು ಮಾಡಿತು. 7ರಂದು ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ನೀಡಿತು. 11ಕ್ಕೆ ಪರೀಕ್ಷೆ ಶುರುವಾಯಿತು. 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ್ದರಿಂದ ನಡುವೆಯೇ ನಿಂತಿತು. 22ರಂದು ಹೈಕೋರ್ಟ್ ಮತ್ತೆ ಹಸಿರು ನಿಶಾನೆ ತೋರಿಸಿತು. ಉಳಿದ ವಿಷಯಗಳ ಪರೀಕ್ಷೆ 25ರಿಂದ 28ರವರೆಗೆ ನಡೆಯಿತು. ಅದು ಕ್ರೈಸ್ತರ ಪವಿತ್ರ ವಾರ. ಕೊನೆಯ ದಿನ ಪವಿತ್ರ ಗುರುವಾರ. ಈ ಹುಡುಗಿಯ ಅಮ್ಮ ಮಗಳನ್ನು ಓದಲು ಬಿಟ್ಟು ಒಬ್ಬರೇ ಚರ್ಚಿಗೆ ಹೋಗಿಬಂದರು. ಏಪ್ರಿಲ್ 8ರಂದು, ಯುಗಾದಿಯ ಹಿಂದಿನ ದಿನ, ಫಲಿತಾಂಶ ಕೊಡಬೇಕಿತ್ತು. ಅಂದೇ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶಕ್ಕೆ ತಡೆ ಕೊಟ್ಟು, ಫಲಿತಾಂಶವನ್ನು ತಡೆಹಿಡಿಯಲು ಹೇಳಿತು.

ಇದು ಮೊದಲ ಸಲವೂ ಅಲ್ಲ. ಹಿಂದಿನ ವರ್ಷ ಐದು ಮತ್ತು ಎಂಟನೇ ತರಗತಿಗಳಿಗೆ ಹೀಗೆಯೇ ಆಗಿತ್ತು. 2023ರ ಮಾರ್ಚ್ 10ರಂದು ಏಕಸದಸ್ಯ ಪೀಠ ಸುತ್ತೋಲೆಗಳನ್ನು ರದ್ದು ಮಾಡಿತು, 15ರಂದು ವಿಭಾಗೀಯ ಪೀಠ ಅನುಮತಿ ಕೊಟ್ಟಿತು, 27ರಂದು ಪರೀಕ್ಷೆ ಶುರುವಾಯಿತು. ಎರಡು ಮಾರ್ಚ್‌ಗಳ ನಡುವೆ ಸರ್ಕಾರ ಬದಲಾಯಿತು. ಪರೀಕ್ಷೆ ಬದಲಾಗಲಿಲ್ಲ, ಇನ್ನೆರಡು ತರಗತಿಗಳಿಗೆ ಹಿಗ್ಗಿತು.

ನಾನು ಕಾನೂನು ಬಲ್ಲವಳಲ್ಲ. ಪದಗಳನ್ನು ಓದುವುದು ನನ್ನ ಕೆಲಸ. ಹಾಗೆ ನೋಡಿದರೆ ಈ ಇಡೀ ಜಗಳ ಪದಗಳದ್ದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಮಂಡಳಿಯ ಪರೀಕ್ಷೆ ಪಾಸಾಗಬೇಕೆಂದಿಲ್ಲ. ಸರ್ಕಾರದ ವಾದ: ಇದು ಮಂಡಳಿ ಪರೀಕ್ಷೆ ಅಲ್ಲ, 'ಮೌಲ್ಯಾಂಕನ', ಇಲ್ಲಿ ಯಾರನ್ನೂ ಫೇಲ್ ಮಾಡುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ತಯಾರಿಸಿದ್ದು ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ವೇಳಾಪಟ್ಟಿ ಅದರದ್ದೇ. ಪತ್ರಿಕೆಯಲ್ಲಿ, ಟಿ.ವಿ.ಯಲ್ಲಿ, ಶಾಲೆಯ ವಾಟ್ಸಾಪ್ ಗುಂಪಿನಲ್ಲಿ, ನಮ್ಮ ಮೆಟ್ಟಿಲ ಮೇಲೆ ಅದರ ಹೆಸರು ಒಂದೇ: ಬೋರ್ಡ್ ಎಕ್ಸಾಮ್.

'ಪರೀಕ್ಷೆ' ಎಂಬ ಹಳೆಯ ಪದದ ಮೂಲದಲ್ಲಿ ಸುತ್ತಲಿಂದಲೂ ನೋಡುವುದು ಎಂಬ ಅರ್ಥವಿದೆ. ಹೊಸ ಪದ 'ಮೌಲ್ಯಾಂಕನ' ಮೆತ್ತಗೆ ಕೇಳಿಸಿದರೂ ಅದರ ಹೊಟ್ಟೆಯೊಳಗೆ ಅಂಕ ಕೂತಿದೆ. ಅಂಕನ ಎಂದರೆ ಗುರುತು ಹಾಕುವುದು. ಭಯ ಹುಟ್ಟಿಸಬಾರದೆಂದು ತಂದ ಪದ ಪರೀಕ್ಷೆಯನ್ನು ಮೃದು ಮಾಡಲಿಲ್ಲ. ಇಲ್ಲಿ ಪರೀಕ್ಷೆಗೆ ಒಳಗಾಗಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಮರೆಮಾಡಿತು.

ಸರ್ಕಾರದ ಕಾಳಜಿ ಸುಳ್ಳು ಎಂದು ನಾನು ಹೇಳುವುದಿಲ್ಲ. ಐದನೇ ತರಗತಿಯ ಎಷ್ಟೋ ಮಕ್ಕಳಿಗೆ ಎರಡನೇ ತರಗತಿಯ ಪಾಠ ಓದಲು ಬರುವುದಿಲ್ಲ ಎಂದು ಅಸರ್ ವರದಿಗಳು ವರ್ಷಗಳಿಂದ ಹೇಳುತ್ತಿವೆ. ಕೋವಿಡ್ ಅದನ್ನು ಇನ್ನಷ್ಟು ಕೆಡಿಸಿತು. ಎಸ್‌ಎಸ್‌ಎಲ್‌ಸಿಯನ್ನೇ ನೋಡಿ. 2023ರಲ್ಲಿ ಉತ್ತೀರ್ಣರಾದವರು ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಬಂದ ಫಲಿತಾಂಶ ಶೇ 73.40. ಹತ್ತನೇ ತರಗತಿಯವರೆಗೆ ಕಣ್ಣು ಮುಚ್ಚಿ ಕೂತು ಆಮೇಲೆ ಗಾಬರಿಯಾಗುವುದಕ್ಕಿಂತ ಮೊದಲೇ ನೋಡುವುದು ವಾಸಿ ಎನ್ನುವ ಮೇಷ್ಟ್ರುಗಳನ್ನು ನಾನು ಬಲ್ಲೆ. ಅವರು ಕ್ರೂರಿಗಳಲ್ಲ.

ಆದರೆ ಶಾಲೆ ಹೇಗಿದೆ ಎಂದು ತಿಳಿಯಲು ಎಲ್ಲ ಮಕ್ಕಳನ್ನೂ ಒಂದೇ ದಿನ ಒಂದೇ ಪ್ರಶ್ನೆಪತ್ರಿಕೆಯ ಮುಂದೆ ಕೂರಿಸಬೇಕಾಗಿಲ್ಲ. 2021ರ ನವೆಂಬರ್‌ನ ರಾಷ್ಟ್ರೀಯ ಸಾಧನಾ ಸಮೀಕ್ಷೆ, 2024ರ ಡಿಸೆಂಬರ್‌ನ ಪರಖ್ ಸಮೀಕ್ಷೆ ಎರಡೂ ಆಯ್ದ ಶಾಲೆಗಳ ಆಯ್ದ ಮಕ್ಕಳನ್ನು ನೋಡಿ ಜಿಲ್ಲೆಯ ಕಲಿಕೆಯ ಸ್ಥಿತಿ ಹೇಳುವಂಥವು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು. ಅಲ್ಲಿ ಮಗುವಿಗೆ ಅಂಕಪಟ್ಟಿ ಇಲ್ಲ. ಉತ್ತರ ಹೇಳಬೇಕಾದ್ದು ವ್ಯವಸ್ಥೆ. ಪ್ರತಿ ಮಗುವಿಗೂ ಪರೀಕ್ಷೆ ಇಟ್ಟಾಗ ಆ ಹೊರೆ ಮಗುವಿನ ಹೆಗಲಿಗೆ ಬರುತ್ತದೆ. ಗಣಿತದ ಮೇಷ್ಟ್ರೇ ಇಲ್ಲದ ಶಾಲೆಯ ಲೋಪ ಮಗುವಿನ ಗಣಿತದ ಅಂಕವಾಗಿ ಮನೆಗೆ ಹೋಗುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮವರು ಹೇಳುವುದು ಇದನ್ನೇ. 'ಬರೆ' ಎಂಬ ಪದಕ್ಕೆ ಕನ್ನಡದಲ್ಲಿ ಇನ್ನೊಂದು ಅರ್ಥವೂ ಇರುವುದು ಆಕಸ್ಮಿಕ ಇರಬಹುದು.

ಈ ದಾರಿಯಲ್ಲಿ ಬಹಳ ದೂರ ನಡೆದ ದೇಶ ಅಮೆರಿಕ. 2002ರ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ 'ನೋ ಚೈಲ್ಡ್ ಲೆಫ್ಟ್ ಬಿಹೈಂಡ್' ಕಾಯ್ದೆ ಮೂರರಿಂದ ಎಂಟನೇ ತರಗತಿಯವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಅಲ್ಲಿಯೂ ಉದ್ದೇಶ ಒಳ್ಳೆಯದೇ: ಕಪ್ಪು ಮಕ್ಕಳು, ಬಡ ಮಕ್ಕಳು, ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳು ಶಾಲೆಯ ಸರಾಸರಿಯೊಳಗೆ ಕಾಣೆಯಾಗಬಾರದು. ಅವರ ಅಂಕಗಳನ್ನು ಬೇರೆಯಾಗಿ ತೋರಿಸಬೇಕಾದಾಗ ಅಂತರ ಎದ್ದು ಕಂಡದ್ದೂ ನಿಜ. ಆದರೆ ಅಂಕ ಏರದ ಶಾಲೆಗಳಿಗೆ ಶಿಕ್ಷೆ ಇತ್ತು. ಅಟ್ಲಾಂಟಾ ನಗರದಲ್ಲಿ ಮಕ್ಕಳ ತಪ್ಪು ಉತ್ತರಗಳನ್ನು ಶಿಕ್ಷಕರೇ ಅಳಿಸಿ ತಿದ್ದಿದರು. 2011ರ ತನಿಖಾ ವರದಿ 44 ಶಾಲೆಗಳಲ್ಲಿ 178 ಮಂದಿ ಶಿಕ್ಷಕರು ಮತ್ತು ಮುಖ್ಯಸ್ಥರನ್ನು ಹೆಸರಿಸಿತು. ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ ಇದನ್ನು ಎಪ್ಪತ್ತರ ದಶಕದಲ್ಲೇ ಎಚ್ಚರಿಸಿದ್ದ: ಯಾವ ಅಳತೆಯ ಮೇಲೆ ದೊಡ್ಡ ನಿರ್ಧಾರಗಳು ನಿಲ್ಲುತ್ತವೆಯೋ ಆ ಅಳತೆಯೇ ಕೆಡುತ್ತದೆ, ಅಳೆಯಬೇಕಾದ್ದನ್ನೂ ಕೆಡಿಸುತ್ತದೆ. 2015ರಲ್ಲಿ ಅಮೆರಿಕ ಆ ಕಾಯ್ದೆ ಬದಲಿಸಿತು. ವಾರ್ಷಿಕ ಪರೀಕ್ಷೆಯನ್ನು ಮಾತ್ರ ಕೈಬಿಡಲಾಗಲಿಲ್ಲ.

ನಮ್ಮಲ್ಲಿ ಅಷ್ಟು ದೂರ ಹೋಗಿಲ್ಲ. ಆದರೆ ಅಳೆಯಬೇಕಾದ್ದು ಹೇಗೆ ಕೆಡುತ್ತದೆ ಎಂಬುದನ್ನು ನನ್ನ ಜಗಲಿಯಲ್ಲೇ ನೋಡಿದೆ. ಕನ್ನಡ ಪರೀಕ್ಷೆಗಳಲ್ಲಿ ಸಂದರ್ಭ ಹೇಳಿ ಸ್ವಾರಸ್ಯ ಬರೆಯುವ ಪ್ರಶ್ನೆಯನ್ನು ನಾವೆಲ್ಲ ಬರೆದವರೇ. ಹುಡುಗಿ ಮೂರು ಶೀರ್ಷಿಕೆ ಬರೆದುಕೊಂಡಿದ್ದಳು: ಆಯ್ಕೆ, ಸಂದರ್ಭ, ಸ್ವಾರಸ್ಯ. ಮೊದಲೆರಡರ ಕೆಳಗೆ ಗೈಡಿನ ವಾಕ್ಯಗಳು ಬಾಯಿಪಾಠ. ಮೂರನೆಯದಕ್ಕೆ ಬಂದಾಗ ಕೇಳಿದಳು: "ಸ್ವಾರಸ್ಯ ಅಂದ್ರೆ ಏನು ಆಂಟಿ?"

ನನಗೆ ಖುಷಿಯಾಯಿತು. ಇಡೀ ಕಾವ್ಯಮೀಮಾಂಸೆ ಶುರುವಾಗುವುದೇ ಆ ಪ್ರಶ್ನೆಯಿಂದ. "ಆ ಮಾತು ನಿಂಗೆ ಯಾಕೆ ಇಷ್ಟ ಆಯ್ತು, ಅದ್ರಲ್ಲಿ ಏನು ರುಚಿ ಇದೆ, ಅದು" ಎಂದೆ. ಸ್ವಲ್ಪ ಯೋಚಿಸಿ, "ಇಷ್ಟ ಆಗ್ಲಿಲ್ಲ ಅಂದ್ರೆ?" ಎಂದಳು. "ಯಾಕೆ ಆಗ್ಲಿಲ್ಲ ಅಂತ ಬರಿ" ಎಂದೆ. ಅವಳು ನಕ್ಕಳು. "ಅಯ್ಯೋ, ಮಾರ್ಕ್ಸ್ ಹೋಗುತ್ತೆ. ನಮ್ ಸ್ಕೂಲಲ್ಲೇ ಇದ್ದಿದ್ರೆ ಮಿಸ್‌ಗೆ ಗೊತ್ತಾಗ್ತಿತ್ತು. ಬೋರ್ಡ್ ಅಲ್ವಾ, ಗೈಡಲ್ಲಿ ಇರೋದೇ ಬರಿಬೇಕು."

ಹದಿಮೂರು ವರ್ಷದ ಹುಡುಗಿ ಹೇಳಿದ ಈ ಮಾತಿಗಿಂತ ಒಳ್ಳೆಯ ವಿಮರ್ಶೆಯನ್ನು ನಾನು ಎಲ್ಲೂ ಓದಲಿಲ್ಲ. ತನ್ನನ್ನು ಬಲ್ಲ ಮಿಸ್‌ಗೆ ಬರೆಯುವಾಗ ಸ್ವಂತ ಮಾತಿಗೆ ಜಾಗವಿದೆ. ತನ್ನನ್ನು ಕಾಣದ ಮಂಡಳಿಗೆ ಬರೆಯುವಾಗ ಇಲ್ಲ. ಈ ಹುಡುಗಿ ತರಕಾರಿ ಗಾಡಿಯವರ ಕನ್ನಡವನ್ನು ಅಜ್ಜಿಗೆ ತಮಿಳಿನಲ್ಲೂ, ಅಜ್ಜಿಯ ಚೌಕಾಸಿಯನ್ನು ಗಾಡಿಯವರಿಗೆ ಕನ್ನಡದಲ್ಲೂ ದಾಟಿಸುತ್ತಾಳೆ. ಬೈಗುಳವನ್ನು ಮಾತ್ರ ಜಾಣತನದಿಂದ ನುಂಗಿಬಿಡುತ್ತಾಳೆ. ಅವಳ ಕನ್ನಡದ ಸ್ವಾರಸ್ಯ ಅದು. ಪ್ರಶ್ನೆಪತ್ರಿಕೆಗೆ ಅದು ಬೇಕಿರಲಿಲ್ಲ.

ಇನ್ನೊಂದು ಮಾತು. ಎದುರು ಮನೆಯ ಹುಡುಗನೂ ಅವಳ ವಯಸ್ಸಿನವನೇ, ಎಂಟನೇ ತರಗತಿಯೇ. ಅವನದು ಸಿಬಿಎಸ್‌ಇ, ಅವನಿಗೆ ಈ ತಿಂಗಳು ತಟ್ಟಲೇ ಇಲ್ಲ. ರಾಜ್ಯದ ಪಠ್ಯಕ್ರಮ ನಂಬಿ ಉಳಿದವರಿಗೇ ಈ ಹಗ್ಗಜಗ್ಗಾಟ. ಹೀಗಾದರೆ ಸಾಲ ಮಾಡಿಯಾದರೂ ಆಚೆ ಶಾಲೆಗೆ ಸೇರಿಸೋಣ ಎಂದು ತಂದೆತಾಯಿ ಯೋಚಿಸುವುದರಲ್ಲಿ ತಪ್ಪೇನಿದೆ?

2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ತಡೆಯಬೇಕಾಯಿತು. ಈ ಸಲ ಎಂಟು, ಒಂಬತ್ತು, ಹತ್ತನೇ ತರಗತಿಗಳ ಅರ್ಧವಾರ್ಷಿಕ ಪರೀಕ್ಷೆಯ ಫಲಿತಾಂಶ. ಹುಡುಗಿ ಆಗ ಒಂಬತ್ತನೇ ತರಗತಿ. ಸುದ್ದಿ ಹೇಳಲು ಅವಳು ಕೆಳಗಿಳಿದು ಬರಲಿಲ್ಲ. ನಾನೇ ಮೆಟ್ಟಿಲಲ್ಲಿ ಸಿಕ್ಕಾಗ ಕೇಳಿದೆ. "ಇದ್ರೂ ಒಂದೇ, ಇಲ್ದಿದ್ರೂ ಒಂದೇ ಆಂಟಿ" ಎಂದು ಚೀಲ ಹೆಗಲಿಗೇರಿಸಿ ಹೋದಳು. ಸ್ವಾರಸ್ಯ ಅಂದ್ರೆ ಏನು ಎಂದು ಕೇಳಿದ ಹುಡುಗಿ ಅವಳು.